ಎಮ್ಮೆ ತಿಂದ ಖಾಕಿ ಚಣ್ಣ

ಮದುವೆಯಾಗಿ ಬೆಳಗಾವಿಯ ಕ್ಯಾಂಪಿಗೆ ಬಂದ ಮೊದಲ ವಾರವೇ ನಾನು ಸಿಪಾಯಿಗಳ ಇಡೀ ಮನೆಸಾಲಿಗೆ ಕೇಳುವ ಹಾಗೆ ಚೀರಿದೆ. ಸಂಜೆ ನಾಲ್ಕರ ಸುಮಾರು, ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಎದುರಿನ ಹಾದಿಯಲ್ಲಿ ಇಬ್ಬರು ಸಿಪಾಯಿಗಳು ನನ್ನ ಗಂಡನನ್ನು ಎರಡೂ ಬದಿಯಿಂದ ಹಿಡಿದು, ಕಂಬ ಎತ್ತಿದ ಹಾಗೆ ನೆಟ್ಟಗೆ ಎತ್ತಿಕೊಂಡು ಹೊರಟಿದ್ದರು. ಅವರ ಮೊಣಕಾಲು ಮಡಚಿರಲಿಲ್ಲ, ಸೊಂಟ ಬಗ್ಗಿರಲಿಲ್ಲ, ಕುತ್ತಿಗೆ ಅಲ್ಲಾಡುತ್ತಿರಲಿಲ್ಲ. ಸತ್ತೇಹೋದರು ಎಂದುಕೊಂಡೆ. ಮೊರ ಒಂದು ಕಡೆ, ಅಕ್ಕಿ ಒಂದು ಕಡೆ ಮಾಡಿ ಓಡಿಹೋಗಿ ದಾರಿಗೆ ಅಡ್ಡ ನಿಂತೆ.

ಹೆಣ ಮಾತಾಡಿತು. ತಲೆ ತಿರುಗಿಸದೆ, ತುಟಿಯನ್ನಷ್ಟೇ ಅಲ್ಲಾಡಿಸಿ, "ನನಗೇನೂ ಆಗಿಲ್ಲ. ಒಳಗ ಹೋಗ. ಧೂಳ ಎಬ್ಬಿಸಬ್ಯಾಡ," ಎಂದಿತು.

ಎತ್ತಿಕೊಂಡವರಿಬ್ಬರೂ ಹಲ್ಲು ಕಚ್ಚಿ ನಗು ತಡೆದುಕೊಂಡರು. ಬಾಜು ಖೋಲಿಯ ಹವಾಲ್ದಾರನ ಹೆಂಡತಿ ಮಾತ್ರ ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ನನ್ನನ್ನು ಕೂರಿಸಿ ತಿಳಿಹೇಳಿದಳು. ಗಾರ್ಡಿಗೆ ಹೋಗುವವರನ್ನು ಸಂಜೆ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಬಟ್ಟೆ ತೊಟ್ಟವನ ಕೈಗೆ ಒಂದು ಬೆತ್ತ ಕೊಡುತ್ತಾರೆ. ಬೆತ್ತ ಸಿಕ್ಕವನು ಆ ದಿನ ಪಹರೆ ನಿಲ್ಲಬೇಕಾಗಿಲ್ಲ, ಸಾಹೇಬರ ಆರ್ಡರ್ಲಿಯಾಗಿದ್ದರೆ ಸಾಕು. ನಡೆದರೆ ಬೂಟಿಗೆ ಧೂಳು ಕೂರುತ್ತದೆ, ಮೊಣಕಾಲು ಮಡಚಿದರೆ ಇಸ್ತ್ರಿಯ ಗೆರೆ ಮುರಿಯುತ್ತದೆ. ಅದಕ್ಕೇ ಕಂಪನಿಯ ಸಿಪಾಯಿಗಳು ತಮ್ಮ ಆಳನ್ನು ಮೈದಾನದವರೆಗೆ ಎತ್ತಿಕೊಂಡೇ ಹೋಗುತ್ತಾರೆ.

"ನಿನ್ನ ಗಂಡಗ ಬೆತ್ತದ ಹುಚ್ಚು ಭಾಳ ಐತಿ ನೋಡವಾ," ಎಂದಳು ಆಕೆ. "ನಿನಗಿಂತ ಮೊದಲ ಆ ಚಣ್ಣದ ಜೋಡಿ ಲಗ್ನ ಆಗೇತಿ ಅವಂದು."

ಚಣ್ಣ ಎಂದರೆ ಮೊಣಕಾಲಿನವರೆಗಿನ ಖಾಕಿ ಚಡ್ಡಿ. ಅಲ್ಲಿಂದ ನನ್ನ ಕುತೂಹಲ ಶುರುವಾಯಿತು. ನಾನು ಹುಟ್ಟಿದ್ದೇ ಕೇಳುವುದಕ್ಕೆ ಎಂದು ನಮ್ಮವ್ವ ಬೈಯುತ್ತಿದ್ದಳು. ಖಾನಾಪುರದ ಸಾಲೆಯಲ್ಲಿ ನಾಲ್ಕು ಇಯತ್ತೆ ಕಲಿತವಳು ನಾನು. ಮಾಸ್ತರರು ಉತ್ತರ ಹೇಳಿ ಸುಸ್ತಾಗಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದ್ದರು. ಈಗ ಒಬ್ಬ ಗಂಡ, ಅವನ ಮೈಮೇಲೆ ಇಷ್ಟೊಂದು ಗುಂಡಿ, ಪಟ್ಟಿ, ಬಕಲ್ಲು. ಬಿಟ್ಟೇನೆಯೇ?

ಕಾಲಿಗೆ ಸುತ್ತುವ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಯಾಕೆ ಸುತ್ತುತ್ತೀರಿ? ಎಷ್ಟು ಸುತ್ತು? ಬಿಗಿಯಾದರೆ ಕಾಲು ಜೋಮು ಹಿಡಿಯುವುದಿಲ್ಲವೆ? ಹಿತ್ತಾಳೆ ಗುಂಡಿ ಉಜ್ಜುವಾಗ ಅಂಗಿಗೆ ಕರೆ ಯಾಕೆ ಆಗುವುದಿಲ್ಲ? ಈ ಕೊನೆಯ ಪ್ರಶ್ನೆಗೆ ಅವರು ಮೊದಲ ಬಾರಿ ಖುಷಿಯಿಂದ ಉತ್ತರ ಕೊಟ್ಟರು. ಪೆಟ್ಟಿಗೆಯಿಂದ ಉದ್ದನೆಯ ಸೀಳು ಇರುವ ಒಂದು ತಗಡು ತೆಗೆದು, ಗುಂಡಿಗಳನ್ನು ಆ ಸೀಳಿನಲ್ಲಿ ಸಿಕ್ಕಿಸಿ, ಬಟ್ಟೆ ಕೆಳಗೆ ಉಳಿಯುವ ಹಾಗೆ ಮಾಡಿ ತೋರಿಸಿದರು. ನಾನು ಹುಣಸೆಹಣ್ಣು ತಂದುಕೊಟ್ಟೆ, ನಮ್ಮ ಮನೆಯ ತಂಬಿಗೆಗಳೆಲ್ಲ ಅದರಿಂದಲೇ ಬೆಳಗುವುದು. ಗಾಬರಿಯಾಗಿ ಕೈ ಹಿಂದೆ ಎಳೆದುಕೊಂಡರು. "ಹುಣಸಿಹಣ್ಣು ಹಚ್ಚಿದ್ರ ನಾಳಿಗೆ ಕೆಂಪಾಗತೈತಿ. ಇದು ತಂಬಗಿ ಅಲ್ಲ," ಎಂದರು.

ಬೂಟಿನ ಕತೆ ಇನ್ನೂ ವಿಚಿತ್ರ. ಮೇಲೆ ಮುಖ ಕಾಣುವ ಹಾಗೆ ತಿಕ್ಕುವುದು ಇರಲಿ, ಕೆಳಗಿನ ಅಟ್ಟೆಯ ಮೊಳೆಗಳನ್ನೂ ಒಂದೊಂದಾಗಿ ತಿಕ್ಕುತ್ತಿದ್ದರು. ನೆಲಕ್ಕೆ ಊರುವ ಮೊಳೆ ಯಾರಿಗೆ ಕಾಣಬೇಕು ಎಂದು ಕೇಳಿದೆ. ಶನಿವಾರದ ಕಿಟ್ ತಪಾಸಣೆಗೆ ಬೂಟನ್ನು ಕವುಚಿ ಇಡುತ್ತಾರಂತೆ. ಮಂಚದ ಮೇಲೆ ಕಂಬಳಿ ಹಾಸಿ, ಅಂಗಿ, ಚಣ್ಣ, ಪಟ್ಟಿ, ತಾಟು, ಸೂಜಿದಾರ, ಕ್ಷೌರದ ಕತ್ತಿ ಎಲ್ಲವನ್ನೂ ದಾರ ಹಿಡಿದು ಅಳೆದ ಹಾಗೆ ಸಾಲಾಗಿ ಇಡಬೇಕು. ಒಂದು ಕಡಿಮೆಯಾದರೂ ಹೆಸರಿನ ಮುಂದೆ ತಪ್ಪು ಬೀಳುತ್ತದೆ.

ಚಣ್ಣವನ್ನಂತೂ ಅವರು ನನಗೆ ಮುಟ್ಟಗೊಡುತ್ತಿರಲಿಲ್ಲ. ಪಲ್ಟನ್ನಿನ ಧೋಬಿ ಗಂಜಿ ಹಾಕಿ, ಇದ್ದಲಿ ಇಸ್ತ್ರಿ ತಿಕ್ಕಿ ತಂದರೆ ಅದು ಗೋಡೆಗೆ ಆನಿಸದೆ ತಾನಾಗಿಯೇ ನಿಲ್ಲುತ್ತಿತ್ತು. ಇವರು ಮಣೆಯ ಮೇಲೆ ಹತ್ತುವುದು, ಇಬ್ಬರು ಗೆಳೆಯರು ಚಣ್ಣದ ಬಾಯಿ ಅಗಲಿಸಿ ಹಿಡಿಯುವುದು, ಇವರು ಬಾವಿಗೆ ಇಳಿದ ಹಾಗೆ ಅದರೊಳಗೆ ಮೆಲ್ಲಗೆ ಇಳಿಯುವುದು. ಆಮೇಲೆ ಕೂರುವ ಮಾತೇ ಇಲ್ಲ. ಬಾಯಾರಿದರೂ ಗೆಳೆಯರೇ ನೀರು ಕುಡಿಸಬೇಕು. ಮದುಮಗನಿಗೂ ನಾವು ಇಷ್ಟು ಉಪಚಾರ ಮಾಡಿರಲಿಲ್ಲ.

ನನಗೆ ನಗು ಬಂದರೂ ಒಳಗೆಲ್ಲೋ ಚುರುಕ್ಕೆನ್ನುತ್ತಿತ್ತು. ನನ್ನ ಅಣ್ಣನೂ ಇದೇ ಪಲ್ಟನ್ನಿನಲ್ಲಿದ್ದ. ಬಸರಾದ ಲಡಾಯಿಗೆ ಹೋದವನು ಬರಲಿಲ್ಲ, ಕಾಗದ ಬಂತು. ಆಗ ನಾನು ಇನ್ನೂ ಸಾಲೆಗೆ ಹೋಗುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಬೀಡಿ ಊರಿನ ಸೋದರಮಾವ ಒಬ್ಬ ಸಿಪಾಯಿಯ ಸಂಬಂಧ ತಂದಾಗ, ನಮ್ಮವ್ವ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಒಂದೇ ಕರಾರು ಹಾಕಿ ಒಪ್ಪಿದಳು. ಅಳಿಯ ಯಾವತ್ತೂ ಆ ಬಟ್ಟೆ ತೊಟ್ಟು ತನ್ನ ಹೊಸ್ತಿಲಿಗೆ ಬರಬಾರದು. ಹಾಗಾಗಿ ಇವರು ಖಾನಾಪುರಕ್ಕೆ ಬಂದಾಗಲೆಲ್ಲ ಧೋತರ, ರುಮಾಲು. ಅವ್ವನಿಗೆ ಖಾಕಿ ಕಂಡರೆ ಆಗುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಇಷ್ಟೆಲ್ಲ ಇರುವಾಗ ಆ ವರ್ಷ ಶ್ರಾವಣ ಕಳೆದ ಮೇಲೆ ಧೋಬಿ ಗಣಪತಿ ಹಬ್ಬಕ್ಕೆಂದು ಊರಿಗೆ ಹೋದ. ಅದೇ ತಿಂಗಳು ಇವರ ಬಡ್ತಿಯ ಮಾತು ನಡೆದಿತ್ತು. ತೋಳಿನ ಮೇಲೆ ಆಗ ಒಂದೇ ಪಟ್ಟಿ. ಎರಡನೆಯದು ಬಂದರೆ ನಾಯಕ, ಕೈಕೆಳಗೆ ಎಂಟು ಜನ. ಅದಕ್ಕಾಗಿ ಅವರು ನಾಲ್ಕು ವರ್ಷ ಕಾದಿದ್ದರು, ಮತ್ತು ಶನಿವಾರದ ತಪಾಸಣೆ ಮುಗಿದ ಮೇಲೆ ಸುಬೇದಾರರು ಹೆಸರು ಕೊಡುವವರಿದ್ದರು. ಬುಧವಾರ ಬೆಳಿಗ್ಗೆ ಎರಡು ಚಣ್ಣಗಳನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಬಹಳ ಹೊತ್ತು ನಿಂತರು.

"ಗಂಜಿ ಹಾಕಾಕ ಬರತೈತೇನ ನಿನಗ?"

"ಭತ್ತದ ನಾಡಿನವಳಿಗೆ ಗಂಜಿ ಕಲಿಸ್ತೀರೇನ್ರಿ?" ಎಂದೆ. ಸೊಕ್ಕು ಅನ್ನಿ, ಸಂತೋಷ ಅನ್ನಿ. ಕಡೆಗೂ ಅದು ನನ್ನ ಕೈಗೆ ಬಂತಲ್ಲ!

ತಪ್ಪು ಆಗಿದ್ದು ಅಲ್ಲೇ. ಖಾನಾಪುರದವರಿಗೆ ಗಂಜಿ ಎಂದರೆ ಮೊದಲು ಕುಡಿಯುವುದು. ಅನ್ನ ಬೆಂದಾಗ ಬಸಿದ ತಿಳಿಗೆ ಕೈ ತಾನಾಗಿಯೇ ಉಪ್ಪು ಹಾಕಿಬಿಡುತ್ತದೆ, ಮನಸ್ಸನ್ನು ಕೇಳುವುದಿಲ್ಲ. ನಾನು ಅದೇ ಗಂಜಿಯನ್ನು ಇನ್ನಷ್ಟು ಕುದಿಸಿ ಗಟ್ಟಿ ಮಾಡಿ ಸೋಸಿ, ಚಣ್ಣಗಳನ್ನು ಅದ್ದಿ, ಹಿಂಡದೆ ಹಿತ್ತಲ ತಂತಿಯ ಮೇಲೆ ಹಾಕಿದೆ. ಒಣಗಿದ ಮೇಲೆ ಬೆರಳಿನಿಂದ ಬಡಿದರೆ ಹಪ್ಪಳದ ಹಾಗೆ ಸದ್ದಾಯಿತು. ಹೆಮ್ಮೆಯಿಂದ ಇಸ್ತ್ರಿಗೆ ಇದ್ದಲಿ ತರಲು ಒಳಗೆ ಹೋದೆ.

ಹೊರಗೆ ಬಂದರೆ ಗೌಳಿಯ ಎಮ್ಮೆ ಕಣ್ಣು ಅರೆಮುಚ್ಚಿ ಜಗಿಯುತ್ತಿತ್ತು. ಬಾಯಿಯ ಒಂದು ಬದಿಯಿಂದ ಖಾಕಿ ಕಾಲು ಇಳಿಬಿದ್ದಿತ್ತು.

ಎಳೆದೆ. ಎಮ್ಮೆಯೂ ಎಳೆಯಿತು. ನನ್ನ ಪಾಲಿಗೆ ಸೊಂಟದ ಪಟ್ಟಿ ಮತ್ತು ಎರಡು ಗುಂಡಿ ಬಂದವು. ಇನ್ನೊಂದು ಚಣ್ಣ ತಂತಿಯ ಮೇಲೆ ಹಾಗೇ ಇತ್ತು. ಅದರ ಸರದಿ ಬಂದಿರಲಿಲ್ಲ. ಎಮ್ಮೆ ನೆಟ್ಟಗೆ ನೀರಿನ ತೊಟ್ಟಿಗೆ ಹೋಗಿ ಅರ್ಧ ತೊಟ್ಟಿ ಖಾಲಿ ಮಾಡಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಅದರದು ಅಲ್ಲಿಗೆ ಮುಗಿಯಿತು. ನನ್ನದು ಸಂಜೆ ಶುರುವಾಯಿತು.

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಆ ಸೊಂಟಪಟ್ಟಿ ಹಿಡಿದು ಒಳಗೆ ಮಸಿಯಲ್ಲಿ ಬರೆದ ತಮ್ಮ ಸಿಪಾಯಿ ನಂಬರನ್ನು ನೋಡುತ್ತ ಕೂತರು. ಅವರು ಖಾಕಿ ತೊಟ್ಟು ಕೂತದ್ದನ್ನು ಅವತ್ತೇ ಮೊದಲು ನೋಡಿದ್ದು.

"ಎಮ್ಮಿ ತಿಂತು ಅಂತ ಹೇಳ್ರಿ. ಖರೇನ ಐತೆಲ್ಲ," ಎಂದೆ.

"ಹೇಳ್ತೀನಿ. ಕಂಪನಿ ಪೂರಾ ನಗತೈತಿ. ಸಾಮಾನು ಕಾಯಾಕ ಬರಲಾರದವ ಎಂಟು ಮಂದಿನ್ನ ಹೆಂಗ ಕಾಯ್ತಾನು ಅಂತಾರ. ಪಟ್ಟಿ ಹೋತು, ತಿಳಿ."

ಪೇಟೆಯಲ್ಲಿ ಹೊಲಿಸೋಣ ಎಂದರೆ ಅದಕ್ಕೂ ಉತ್ತರ ಇತ್ತು. ಹೊಸ ಖಾಕಿ ಕಪ್ಪಗೆ ಇರುತ್ತದೆ. ಒಗೆದು ಒಗೆದು ಒಣಹುಲ್ಲಿನ ಬಣ್ಣಕ್ಕೆ ಬಂದ ಖಾಕಿ ಹಳೆಯ ಸಿಪಾಯಿಯ ಗುರುತು. ಆ ಬಣ್ಣವನ್ನು ಯಾವ ಅಂಗಡಿಯಲ್ಲೂ ಕೊಡುವುದಿಲ್ಲ, ವರ್ಷಗಳೇ ಕೊಡಬೇಕು. ಮಂಚದ ಮೇಲೆ ಕಪ್ಪು ಚಣ್ಣ ಇಟ್ಟರೆ ಹತ್ತು ಮಾರು ದೂರದಿಂದ ಕಾಣುತ್ತದೆ.

ಒಣಹುಲ್ಲಿನ ಬಣ್ಣ ಎಂದಾಗ ನನಗೆ ಅಣ್ಣ ನೆನಪಾದ. ಕೊನೆಯ ರಜೆಗೆ ಬಂದಾಗ ಅವನು ಅಂಥದೇ ಒಂದು ಚಣ್ಣ ಮನೆಯಲ್ಲಿ ಬಿಟ್ಟು ಹೋಗಿದ್ದ. ಅವ್ವ ಅದನ್ನು ಸುಟ್ಟಳೋ ಎಸೆದಳೋ ಗೊತ್ತಿರಲಿಲ್ಲ. ಇವರಿಗೆ ಏನೂ ಹೇಳದೆ, ಅವ್ವನನ್ನು ನೋಡಿ ಬರುತ್ತೇನೆ ಎಂದು ಗುರುವಾರದ ಮುಂಜಾನೆಯ ಗಾಡಿ ಹತ್ತಿದೆ. ದೇಸೂರು ಸ್ಟೇಷನ್ ದಾಟುವವರೆಗೂ ಏನು ಹೇಳಬೇಕೆಂದು ಹೊಂದಿಸಿಕೊಂಡೆ. ಖಾನಾಪುರದಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮರೆತಿತ್ತು.

ಅವ್ವ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಎಮ್ಮೆಯ ಕತೆ ಹೇಳಿದೆ. ಅವಳು ಮೊರ ಕೆಳಗಿಟ್ಟು ಕೇಳಿದ್ದು ಒಂದೇ ಮಾತು.

"ಗಂಜಿಗೆ ಉಪ್ಪು ಹಾಕಿದ್ದೇನು?"

"ಹೂಂ."

"ಅರಿವಿಗೆ ಹಾಕೂ ಗಂಜಿಗೆ ಉಪ್ಪ ಹಾಕ್ತಾರೇನ, ಹುಚ್ಚಿ? ನಿಮ್ಮಣ್ಣ ಅಷ್ಟು ಹೇಳಿಕೊಟ್ಟಿದ್ದ."

ನನಗೆ ಹೇಳಿಕೊಟ್ಟಿರಲಿಲ್ಲ. ಅವ್ವನಿಗೆ ಹೇಳಿಕೊಟ್ಟಿದ್ದ. ಅವಳು ಒಳಗೆ ಹೋಗಿ ತನ್ನ ಮದುವೆಯ ಟ್ರಂಕು ತೆರೆದಳು. ಸೀರೆಗಳ ಮೇಲೆ, ಬೇವಿನೆಲೆಯ ನಡುವೆ, ಒಂದು ಚಣ್ಣ ಇತ್ತು. ಮುದುಡಿರಲಿಲ್ಲ, ಹಳದಿಗಟ್ಟಿರಲಿಲ್ಲ. ಇಸ್ತ್ರಿಯ ಗೆರೆ ಚೂರಿಯ ಅಲಗಿನ ಹಾಗಿತ್ತು. ಪ್ರತಿ ವರ್ಷ ದಸರೆಗೆ ಮುಂಚೆ ಮಲಪ್ರಭೆಗೆ ಒಯ್ದು ಒಗೆದು, ಉಪ್ಪಿಲ್ಲದ ಗಂಜಿ ಹಾಕಿ, ತಂಬಿಗೆಯಲ್ಲಿ ಕೆಂಡ ತುಂಬಿ ತಿಕ್ಕಿ ಇಡುತ್ತಿದ್ದಳಂತೆ. ಖಾಕಿ ಕಂಡರೆ ಆಗದ ನಮ್ಮವ್ವ!

ನಾನು ಸುಮ್ಮನಿರಲಾರದೆ ಕೇಳಿದೆ. "ಮತ್ತ ಅವರಿಗೆ ಯಾಕ ಬ್ಯಾಡ ಅಂದಿ ಅವ್ವ? ಈ ಅರಿವಿ ಹಾಕ್ಕೊಂಡು ಬರಬ್ಯಾಡ ಅಂತ?"

"ಬಾಗಿಲಾಗ ಈ ಬಣ್ಣ ಕಂಡ್ರ ನನ್ನ ಜೀವ ಒಂದು ಗಳಿಗಿ ಅವನ ಬಂದಾನ ಅಂತ ತಿಳೀತೈತಿ," ಎಂದಳು. "ಆಮ್ಯಾಲ ಅಲ್ಲ ಅಂತ ಮತ್ತ ಅದಕ್ಕ ತಿಳಿಸಿ ಹೇಳಬೇಕು. ಆ ಕೆಲಸ ನನ್ನ ಕೈಲಿ ಆಗೂದಿಲ್ಲವಾ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಚಣ್ಣದ ಸೊಂಟಪಟ್ಟಿ ತಿರುವಿ ಒಳಗಿನ ನಂಬರಿನ ಮೇಲೆ ಬೆರಳಿಟ್ಟಳು. ಅವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ಅದೊಂದನ್ನು ಅಂಕಿಗಳ ಆಕಾರ ಹಿಡಿದು ಓದುತ್ತಿದ್ದಳು. "ಕೋಲು. ಕುಡಗೋಲು. ಒಂದರ ಮ್ಯಾಲೊಂದು ಗಡಿಗಿ. ಕಡೀಕ ಮತ್ತ ಕೋಲು." ಕೊನೆಯ ರಜೆಯಲ್ಲಿ ಅಣ್ಣ ಕಲಿಸಿದ್ದು ಅದು. ಊಟಕ್ಕೆ ಕರೆಯುವಾಗ ಅವ್ವ ಹೆಸರು ಹಿಡಿಯಬಾರದು, ನಂಬರು ಕೂಗಬೇಕು, ಇವನು ಎಲ್ಲಿದ್ದರೂ ಹಿಮ್ಮಡಿ ಜೋಡಿಸಿ ನಿಂತು "ಹಾಜರ್!" ಎನ್ನಬೇಕು. ಆ ಹದಿನೈದು ದಿನ ಓಣಿಯವರೆಲ್ಲ ನಕ್ಕಿದ್ದರು. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಒಯ್ಯಿ," ಎಂದಳು. "ಅವರ ಪಟ್ಟಿ ಹೋಗಬಾರದು. ಆದ್ರ ನಂಬರ ಅಳಿಸಬ್ಯಾಡ್ರಿ. ಅವನ ಬರವಣಿಗಿ ಅಂತ ಇರೂದು ಅದೊಂದ."

ಮಾತು ಕೊಟ್ಟೆ. ಬೆಳಗಾವಿಗೆ ಬಂದು ಇವರ ಮುಂದೆ ಚಣ್ಣ ಬಿಚ್ಚಿದಾಗಲೇ ನನಗೆ ನನ್ನ ಮಾತಿನ ತೂಕ ಗೊತ್ತಾಗಿದ್ದು. ಬಟ್ಟೆ ನೋಡಿ ಅವರ ಮುಖ ಅರಳಿತು. ಗೆರೆಯನ್ನು ಉಗುರಿನಿಂದ ಮುಟ್ಟಿ, "ಧೋಬಿಗಿಂತ ಚಲೋ ಕೈ ಐತಿ ಅತ್ತೀದು," ಎಂದರು. ಸೊಂಟಪಟ್ಟಿ ತಿರುವಿದಾಗ ಮುಖ ಬಾಡಿತು.

"ಇದನ್ನ ತಿಕ್ಕಿ ನನ್ನ ನಂಬರ ಹಾಕಬೇಕು."

"ಅಳಿಸೂದಿಲ್ಲ ಅಂತ ಅವ್ವಗ ಮಾತು ಕೊಟ್ಟೀನಿ," ಎಂದು, ಅವ್ವ ನಂಬರು ಕೂಗುತ್ತಿದ್ದುದು, ಅಣ್ಣ ಹಾಜರ್ ಎನ್ನುತ್ತಿದ್ದುದು ಎಲ್ಲ ಹೇಳಿದೆ.

"ಕೊಡೂಕಿಂತ ಮೊದಲ ನನ್ನ ಕೇಳಿದ್ದೇನು? ಸಾಮಾನು ಕಮ್ಮಿ ಬಿದ್ರ ಅಲಕ್ಷ್ಯ ಅಂತಾರ. ಇನ್ನೊಬ್ಬರ ನಂಬರಿಂದು ಸಿಕ್ರ ಕಳವು ಅಂತಾರ. ಪಟ್ಟಿ ಅಷ್ಟ ಅಲ್ಲ, ಮಾನಾನೂ ಹೋಗತೈತಿ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಾಯಿತು ನಮ್ಮದು. ಶುಕ್ರವಾರ ಮಧ್ಯಾಹ್ನವೆಲ್ಲ ಅವರು ಚಣ್ಣವನ್ನು ಮುಂದಿಟ್ಟುಕೊಂಡು ಕೂತರು. ನಾನು ಒಂದು ಬಟ್ಟೆ ತುಂಡು ಹೊಲಿದು ನಂಬರು ಮುಚ್ಚಿಬಿಡೋಣ ಎಂದೆ. ತುಂಡನ್ನು ನಂಬರಿನ ಮೇಲಿಟ್ಟು ನೋಡಿದರು, ತೆಗೆದರು, ಮತ್ತೆ ಇಟ್ಟರು. ಕಡೆಗೆ ತುಂಡನ್ನು ನನ್ನ ಕೈಗೇ ಕೊಟ್ಟು ಎದ್ದರು.

"ಮುಚ್ಚಿದ್ರ ಕಳವು. ತೆರೆದಿಟ್ಟು ಖರೇ ಹೇಳಿದ್ರ ತಪ್ಪು. ತಪ್ಪು ಇರ್ಲಿ."

ಶನಿವಾರದ ತಪಾಸಣೆಯಲ್ಲಿ ನಾನಿರಲಿಲ್ಲ, ಹೆಂಗಸರಿಗೆ ಬ್ಯಾರಕಿನಲ್ಲಿ ಏನು ಕೆಲಸ? ಆದರೆ ಅವರು ಮನೆಗೆ ಬಂದ ಮೇಲೆ ಪ್ರಶ್ನೆ ಕೇಳಿ ಕೇಳಿ ಎಲ್ಲವನ್ನೂ ಹೊರಗೆಳೆದೆ. ಸುಬೇದಾರರು ಯಾವ ಕಡೆಯಿಂದ ಬಂದರು? ಎಡದಿಂದ. ಮೊದಲು ಏನು ಮುಟ್ಟಿದರು? ಬೂಟು. ಚಣ್ಣ ಯಾವ ಕೈಯಲ್ಲಿ ತೆಗೆದುಕೊಂಡರು? ಬಲಗೈ. ಸುಬೇದಾರರೂ ಬಸರಾಕ್ಕೆ ಹೋಗಿ ಬಂದವರು. ಸೊಂಟಪಟ್ಟಿ ತಿರುವಿ ಬಹಳ ಹೊತ್ತು ನೋಡಿ, ಇದು ಯಾರದು ಎಂದು ಕೇಳಿದರಂತೆ. ಇವರು ಎಮ್ಮೆಯಿಂದ ಹಿಡಿದು ಟ್ರಂಕಿನವರೆಗೆ ಎಲ್ಲ ಹೇಳಿದರಂತೆ. ಯಾರೂ ನಗಲಿಲ್ಲವಂತೆ. ಸುಬೇದಾರರು ಚಣ್ಣವನ್ನು ಇದ್ದ ಗೆರೆಯಲ್ಲೇ ಮಡಿಸಿ, ಇದ್ದ ಜಾಗದಲ್ಲೇ ಇಟ್ಟು, ಹಿಂದಿನಿಂದ ಬಂದ ಸಾಹೇಬರಿಗೆ ಎಲ್ಲ ಸರಿಯಾಗಿದೆ ಎಂದರಂತೆ.

"ಮತ್ತ ಏನೂ ಅನಲಿಲ್ಲೇನ್ರಿ?"

"ಏನಂತಾರ? ಉಗ್ರಾಣದಿಂದ ಹೊಸಾ ಚಣ್ಣ ತಗೋ, ಎಮ್ಮಿಗೆ ದೂರ ಇಡು ಅಂದ್ರು. ಸಾಕ ಮಾಡ ಇನ್ನ."

ಮುಂದಿನ ತಿಂಗಳು ಎರಡನೆಯ ಪಟ್ಟಿ ಬಂತು. ನಾನೇ ಅದನ್ನು ತೋಳಿಗೆ ಹೊಲಿದೆ. ಮೂರು ಸಲ ಬಿಚ್ಚಿಸಿದರು, ಒಂದು ನೂಲಿನಷ್ಟು ಸೊಟ್ಟ ಇದೆಯೆಂದು.

ಪಟ್ಟಿ ಬಂದ ವಾರವೇ ಇಬ್ಬರೂ ಖಾನಾಪುರಕ್ಕೆ ಹೋದೆವು. ಇವರು ಎಂದಿನಂತೆ ಧೋತರ ಉಟ್ಟಿದ್ದರು. ಅಣ್ಣನ ಚಣ್ಣವನ್ನು ಗೆರೆ ಮುರಿಯದ ಹಾಗೆ ಒಂದು ಹಲಗೆಯ ಮೇಲಿಟ್ಟು, ಗಾಡಿಯಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಅವ್ವ ಅದನ್ನು ತೆಗೆದುಕೊಂಡು ಮೊದಲು ಸೊಂಟಪಟ್ಟಿ ತಿರುವಿದಳು. ಬೆರಳಾಡಿಸಿದಳು. ಎಲ್ಲ ಇತ್ತು. ಅಳಿಯನ ಎದುರು ನಿಂತು ಮಾತಾಡದವಳು ಅವತ್ತು ಸೆರಗು ಸರಿಮಾಡಿಕೊಂಡು ಕೇಳಿದಳು.

"ಓದಿದ್ರೇನ್ರಿ ನಿಮ್ಮ ಸುಬೇದಾರರು ಇದನ್ನ?"

"ಓದಿದ್ರರಿ ಅತ್ತಿ."

"ಮನಸಿನಾಗೋ, ಬಾಯಿ ಬಿಟ್ಟೋ?"

"ಬಾಯಿ ಬಿಟ್ಟು ಓದಿದ್ರು. ಎಲ್ಲಾರಿಗೂ ಕೇಳೂ ಹಂಗ."

ನನಗೆ ಅಚ್ಚರಿಯಾಯಿತು. ಅಷ್ಟು ಪ್ರಶ್ನೆ ಕೇಳಿದಾಗಲೂ ಈ ಮಾತು ಹೊರಗೆ ಬಂದಿರಲಿಲ್ಲ. ಅವ್ವ ಮತ್ತೆ ಕೇಳಿದಳು.

"ಕೂಗಿದಾಗ ಯಾರರೆ ಓ ಅಂದ್ರೇನ್ರಿ?"

"ನಾ ಅಂದ್ನಿ ಅತ್ತಿ," ಎಂದರು ನನ್ನ ಗಂಡ. ಅವರಿಗೆ ಅರಿವಿಲ್ಲದೆಯೇ ಹಿಮ್ಮಡಿಗಳು ಕೂಡಿಕೊಂಡಿದ್ದವು. "ಹಾಜರ್ ಅಂದ್ನಿ."

ಅವ್ವ ತಲೆಯಾಡಿಸಿದಳು. ಚಣ್ಣವನ್ನು ಟ್ರಂಕಿನಲ್ಲಿಟ್ಟು, ಮುಚ್ಚಳ ಹಾಕಿ, ಅಲ್ಲಿಂದಲೇ, ನಮ್ಮ ಕಡೆ ತಿರುಗದೆ ಹೇಳಿದಳು. "ಮುಂದಿನ ಸಲ ಬರೂಮುಂದ ಪಟ್ಟಿ ಹಚ್ಚಿದ ಅಂಗಿ ಹಾಕ್ಕೊಂಡ ಬರ್ರಿ. ಚಣ್ಣ ಇಲ್ಲೇ ಕೊಡ್ರಿ, ಗಂಜಿ ನಾ ಹಾಕ್ತೀನಿ. ಇಕಿ ಕೈಯಾಗ ಕೊಡಬ್ಯಾಡ್ರಿ."

ಮರಳುವ ಗಾಡಿಯಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಸುಬೇದಾರರು ನಿಜವಾಗಿ ಕೂಗಿದರೇ, ನೀವು ನಿಜವಾಗಿ ಅಂದಿರೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ದೇಸೂರು ಬಂತು, ಹೋಯಿತು. ನಾನು ಕೇಳಲಿಲ್ಲ. ಆಮೇಲೆ ಮೂವತ್ತು ವರ್ಷ ಅವರ ಜೊತೆ ಬಾಳಿದೆ, ಕೇಳದೆ ಬಿಟ್ಟದ್ದು ಅದೊಂದೇ.